ಪಿರಿಪಿರಿಯಮ್ಮ

ಮಾರ್ಚ್ 3, ಮಂಗಳವಾರ
ಸ್ಕೂಲ್ ಯೂನಿಫಾರ್ಮಿನ ಕಾಲರ್ ಹನ್ನೆರಡು ಹೊಲಿದಾಯಿತು. ಅಷ್ಟರಲ್ಲಿ ಒಳಗಿನಿಂದ ಅಮ್ಮ ಒಂಬತ್ತು ಸಲ ಕರೆದಳು. ಫ್ಯಾನ್ ಹಾಕು, ಫ್ಯಾನ್ ಆರಿಸು, ಕಿಟಕಿ ತೆಗಿ… ತಂಗಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಅಮ್ಮನಲ್ಲ, ಪಿರಿಪಿರಿಯಮ್ಮ ಅಂದೆ. ಬಿದ್ದು ಬಿದ್ದು ನಕ್ಕಳು. ಅವಳಿಗೇನು, ವರ್ಷಕ್ಕೆರಡು ಸಲ ಬಂದು ಮುದ್ದು ಮಾಡಿಸಿಕೊಂಡು ಹೋಗುವವಳು.

ಏಪ್ರಿಲ್ 12, ಭಾನುವಾರ
ರೇಡಿಯೋದಲ್ಲಿ ತಂಗಿ ಬರೆದ ನಾಟಕ. ಅದರಲ್ಲೊಬ್ಬ ಮುದುಕಿ — ಮಲಗಿದಲ್ಲಿಂದಲೇ ಎಲ್ಲರ ಜೀವ ಹಿಂಡುತ್ತಾಳೆ. ಹೆಸರು ಪಿರಿಪಿರಿಯಮ್ಮ! ಮಾತು ನನ್ನದು. ಪಟ್ಟ ಪಾಡು ನನ್ನದು. ಹೊಗಳಿಕೆ ಅವಳಿಗೆ. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು ಬಂದರು, ನಿಮ್ಮ ತಂಗಿ ಎಷ್ಟು ಚೆನ್ನಾಗಿ ಬರೀತಾರೆ ಅಂತ. ಹೊಟ್ಟೆ ಉರಿಯಿತು. ಈ ಡೈರಿ ಯಾರು ಓದಬೇಕು, ನಿಜ ಬರೆಯುತ್ತೇನೆ — ಧಗಧಗ ಉರಿಯಿತು.

ಏಪ್ರಿಲ್ 13
ತಂಗಿಯನ್ನು ಫೋನಿನಲ್ಲೇ ದಬಾಯಿಸಿದೆ. ಹಾಸಿಗೆ ಹಿಡಿದ ಮುದುಕಿಯರಿಗೆಲ್ಲ ಅವಮಾನ ಇದು ಅಂದೆ. ಅದು ಪಾತ್ರ, ಅಮ್ಮ ಅಲ್ಲ, ಕೇಳಿದವರಿಗೆ ಪಾಪ ಅನ್ನಿಸುವ ಹಾಗೇ ಬರೆದಿದ್ದೇನೆ ಅಂದಳು. ಅಯ್ಯೋ ಪಾಪ ಅಂದುಬಿಟ್ಟರೆ ಬೈಗುಳ ಬೈಗುಳವಲ್ಲವೇ? ಹೀಗೆಂದು ಸರಿಯಾಗಿಯೇ ಕೇಳಿಬಿಟ್ಟೆ. ಹೆಸರು ಇಟ್ಟವರು ಯಾರು ಅನ್ನುವುದನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಏಪ್ರಿಲ್ 14, ಮಧ್ಯಾಹ್ನ
ತಡೆಯಲಾಗಲಿಲ್ಲ. ನಾಟಕದ ರೆಕಾರ್ಡಿಂಗ್ ಅಮ್ಮನಿಗೆ ಕೇಳಿಸಿದೆ. ಮುದ್ದಿನ ಮಗಳು ಇಟ್ಟ ಹೆಸರು ಕೇಳಿಸಿಕೋ ಅಂದೆ. ಕೊನೆಯವರೆಗೂ ಕೇಳಿದಳು.
"ಹೆಸರು ನಿಂದು ಕಣೇ. ಅವತ್ತು ಫೋನಲ್ಲಿ ಅಂದಿದ್ದು ಕೇಳಿಸ್ತು. ಆ ಮುದುಕಿ ಯಾಕೆ ಕರೀತಾಳೆ ಅಂತ ಬರೆದಿದ್ದು ಮಾತ್ರ ಅವಳು."
ಬೇಜಾರಾಯಿತೇ ಎಂದು ಕೇಳಿದೆ.
"ನಾಟಕಕ್ಕೆ ಆಗ್ಲಿಲ್ಲ."

ಏಪ್ರಿಲ್ 19
ಅಮ್ಮ ತಂಗಿಯ ಮನೆಗೆ ಹೋಗುತ್ತಾಳಂತೆ, ಇನ್ನು ಅಲ್ಲೇ ಇರಲು. ತಾನೇ ಫೋನ್ ಮಾಡಿ ಕೇಳಿಕೊಂಡಿದ್ದಾಳೆ. ನನಗೆ ಹಾಯೆನಿಸಬೇಕಿತ್ತು. ಆರು ವರ್ಷ ಎತ್ತಿ ಕೂರಿಸಿದವಳು ನಾನು, ಬೇಕಾದವಳು ಅವಳು. ಮೂರು ಕಾಲರ್ ತಿರುವುಮುರುವಾಗಿ ಹೊಲಿದು ಬಿಚ್ಚಿದೆ.

ಏಪ್ರಿಲ್ 25, ಬೆಳಿಗ್ಗೆ
ಹತ್ತಕ್ಕೆ ಕಾರು ಬರುತ್ತದೆ. ತಂಗಿಗೆ ಚೀಟಿ ಕೊಡಬೇಕು, ಮೊದಲು ಇಲ್ಲಿ ಗೀಚಿಕೊಳ್ಳುತ್ತೇನೆ.
ಬಿಳಿ ಮಾತ್ರೆ ಊಟಕ್ಕೆ ಮುಂಚೆ. ಎಡ ಮೊಣಕಾಲಿನ ಕೆಳಗೆ ದಿಂಬು. ಸ್ನಾನಕ್ಕೆ ಮುಂಚೆ ಕಾಲಿಗೆ ಎಣ್ಣೆ, ಬಲವಾಗಿ ತಿಕ್ಕಬಾರದು. ಆಗಾಗ ಕರೆಯುತ್ತಾಳೆ. ಏನೂ ಬೇಕಾಗಿರುವುದಿಲ್ಲ. ಪಕ್ಕದಲ್ಲಿ ಐದು ನಿಮಿಷ ಕೂತರೆ ಸುಮ್ಮನಾಗುತ್ತಾಳೆ. ಇದು ನನಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಾನು…