ಟೈರಿನ ಕೆಳಗಿನ ನಿಂಬೆಹಣ್ಣು

ಚಿರಂಜೀವಿ ರೇವಂತನಿಗೆ,

ಹೆತ್ತೂರಿನಿಂದ ನಿನ್ನ ಅಕ್ಕ ಶಿವಲೀಲಾ ಬರೆಯುವುದು. ಚಿರಂಜೀವಿ ಅನ್ನುವುದನ್ನು ರೂಢಿಯಿಂದ ಬರೆದೆ. ಆ ಮಾತನ್ನು ಸುಳ್ಳು ಮಾಡಬೇಕೆಂದು ನೀನೇ ಟೊಂಕ ಕಟ್ಟಿ ನಿಂತಿರುವಾಗ ನನ್ನ ಆಶೀರ್ವಾದ ಎಷ್ಟು ದೂರ ಬಂದೀತು? ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ ಅಕ್ಕ, ಹೂಂ ಅಕ್ಕ’ ಅನ್ನುತ್ತಾ ಇನ್ನೊಂದು ಕಡೆ ಕಾರಿನ ವಿಡಿಯೋ ನೋಡುತ್ತಿರುತ್ತೀಯ. ಇತ್ತ ನಿನ್ನ ಭಾವ ಪಕ್ಕದಲ್ಲೇ ಕೂತು ‘ಹೋಗ್ಲಿ ಬುಡೇ, ಇನ್ನೂ ಹುಡ್ಗ ಅವ್ನು’ ಅಂತ ಅಡ್ಡ ಬರುತ್ತಾರೆ. ಮೂವತ್ತು ದಾಟಿದವನು, ಸಕಲೇಶಪುರದ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಇನ್ನೂ ಹುಡುಗ. ಅದಕ್ಕೇ ಈ ಕಾಗದವನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ನಿನಗೆ ಓದಲು ಪುರುಸೊತ್ತಿಲ್ಲದಿದ್ದರೆ ಹೇಮಶ್ರೀ ಓದಿ ಹೇಳಲಿ. ನಿನ್ನ ಹೆಂಡತಿ ಬುದ್ಧಿವಂತೆ. ನಿನ್ನನ್ನು ಒಪ್ಪಿಕೊಂಡ ದಿನ ಒಂದೇ ಆ ಬುದ್ಧಿ ಎಲ್ಲಿಗೋ ಹೋಗಿತ್ತು.

ಆ ಕೆಂಪು ಕಾರು ಕೊಂಡಾಗ ನಾನು ಏನೂ ಅನ್ನಲಿಲ್ಲ. ಯಾರೋ ತುಳಿದ ಕಪ್ಪೆಯ ಹಾಗೆ ನೆಲಕ್ಕೆ ಅಂಟಿಕೊಂಡ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು. ಅದೂ ಯಾರೋ ಓಡಿಸಿ ಸಾಕಾಗಿ ಬಿಟ್ಟದ್ದು. ಹೆತ್ತೂರಿನ ರಸ್ತೆಗೆ ಅದನ್ನು ತರುವುದೆಂದರೆ ರೇಷ್ಮೆ ಸೀರೆ ಉಟ್ಟು ಗೊಬ್ಬರ ಹೊತ್ತ ಹಾಗೆ. ಹಂಪ್ ಬಂದಲ್ಲೆಲ್ಲ ಭಾರ ಕಡಿಮೆಯಾಗಲೆಂದು ಹೇಮಶ್ರೀಯನ್ನು ಇಳಿಸಿ, ನೀನು ಕಾರನ್ನು ಓರೆಯಾಗಿ ದಾಟಿಸಿ, ಆಚೆ ಕಾದು ಮತ್ತೆ ಹತ್ತಿಸಿಕೊಳ್ಳುತ್ತೀಯಂತೆ. ಕಾರಿದ್ದೂ ಅರ್ಧ ದಾರಿ ನಡೆದು ತವರಿಗೆ ಹೋಗುವ ಹೆಂಗಸು ಈ ತಾಲ್ಲೂಕಿನಲ್ಲಿ ಅವಳೊಬ್ಬಳೇ ಇರಬೇಕು. ನಗುತ್ತಲೇ ಹೇಳಿದಳು, ಪಾಪ.

ಅಲ್ಲಿಯವರೆಗೆ ಅದು ನಗೆಪಾಟಲು ಅಷ್ಟೆ. ಆಯುಧಪೂಜೆಯ ದಿನ ಏನಾಯಿತೆಂದು ನೀನು ಊರಿಗೆಲ್ಲ ಒಂದು ಥರ ಹೇಳಿಕೊಂಡು ತಿರುಗುತ್ತಿದ್ದೀಯ. ಆದದ್ದನ್ನು ನಾನು ಬರೆಯುತ್ತೇನೆ, ಕೇಳು.

ಕಾರನ್ನು ನಮ್ಮ ಕಾಫಿ ಕಣದಲ್ಲಿ ನಿಲ್ಲಿಸಿ ಸೇವಂತಿಗೆ ಹಾರ ಹಾಕಿದೆ. ನಾಲ್ಕೂ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟೆ. ಅವನ್ನು ತುಳಿದುಕೊಂಡು ಕಾರು ಹೊರಡಬೇಕು ಅನ್ನುವಷ್ಟರಲ್ಲಿ ಮುಂದುಗಡೆ ಆಯಿಲ್ ತೊಟ್ಟಿಕ್ಕುವುದು ಕಂಡಿತು. ಹಬ್ಬದ ದಿನ, ಮನೆ ತುಂಬಾ ನೆಂಟರು, ಎಲ್ಲರ ಮುಂದೆ ಮರ್ಯಾದೆ ಹೋಯಿತಲ್ಲ. ಅಲ್ಲೇ ಎತ್ತಿ ನೋಡಿಬಿಡುತ್ತೇನೆ ಅಂದೆ. ಕಾರಿಗೂ ನೆಲಕ್ಕೂ ನಡುವೆ ಒಂದು ಚಪ್ಪಲಿ ನುಗ್ಗಿಸುವಷ್ಟು ಜಾಗವಿಲ್ಲ. ನಮ್ಮ ಜೀಪಿನ ಜಾಕಿ ಅದರಡಿ ಹೋದೀತೇ? ಹೋಳಿಗೆ ಉಂಡು ಕೂತಿದ್ದ ನೆಂಟರನ್ನು ಎಬ್ಬಿಸಿ, ಮುಂಭಾಗವನ್ನು ಕೈಯಲ್ಲೇ ಎತ್ತಿಸಿ, ಜಾಕಿ ತುರುಕಿದೆ. ಪಕ್ಕದಲ್ಲಿ ಆಸರೆಗೆ ಅಂತ ಸಿಲ್ವರ್ ಓಕ್ ಮರದ ತುಂಡೊಂದನ್ನು ಅಡ್ಡ ಇಟ್ಟೆ. ದುಂಡನೆಯ ಮರ ಉರುಳುತ್ತದೆ ಅನ್ನುವುದು ನಮ್ಮ ತೋಟದ ಆಳುಗಳ ಲೈನ್ ಮನೆಗಳ ಮಕ್ಕಳಿಗೂ ಗೊತ್ತು.

ನಿನ್ನ ಭಾವ ಹೇಳಿದರು, ‘ಹಿಂದ್ಗಡೆ ಚಕ್ರಕ್ಕೆ ಕಲ್ ಕೊಡೋ ಮಾರಾಯ’ ಅಂತ. ನೀನು ಏನಂದೆ, ನೆನಪಿದೆಯಾ? ‘ನಿಂಬೆಹಣ್ಣು ಐತಲ್ಲ ಭಾವ, ಸಾಕು ಬುಡಿ. ಕಲ್ ಇಟ್ರೆ ಫೋಟೋ ಕೆಟ್ಟೋಯ್ತದೆ.’ ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ, ಹಳೆಯ ಕೇಬಲ್ಲು, ಸವೆಯುತ್ತದೆ ಅಂತ. ಗೇರಿನಲ್ಲೂ ಇರಲಿಲ್ಲ. ಇನ್ನು ಕಣ. ಮಳೆ ನೀರು ನಿಲ್ಲದೆ ಚರಂಡಿಗೆ ಹರಿಯಲೆಂದು ಕಣವನ್ನು ಇಳಿಜಾರಾಗಿಯೇ ಕಟ್ಟುತ್ತಾರೆ. ನೀನು ಚಿಕ್ಕವನಿದ್ದಾಗ ರಜೆಗೆ ನನ್ನ ಮನೆಗೆ ಬಂದು ಅದೇ ಕಣದಲ್ಲಿ ಸೈಕಲ್ ಟೈರು ಉರುಳಿಸುತ್ತಿದ್ದೆ. ಕೈ ಬಿಟ್ಟರೆ ಅದು ತಾನೇ ಚರಂಡಿ ಹುಡುಕಿಕೊಂಡು ಹೋಗುತ್ತಿತ್ತು, ನೀನು ಚಪ್ಪಾಳೆ ತಟ್ಟುತ್ತಿದ್ದೆ. ಅಷ್ಟು ತಿಳಿದಿದ್ದ ಹುಡುಗ ಯಾವಾಗ ಇಷ್ಟು ದಡ್ಡನಾದ ಎಂದು ನಾನು ಯೋಚಿಸುತ್ತಲೇ ಇದ್ದೇನೆ.

ನಿನಗೆ ಲೈಟ್ ಹಿಡಿಯಲೆಂದು ನಿನ್ನ ಭಾವ ಪಕ್ಕದಲ್ಲಿ ಮಲಗಿ ಕೈ ಒಳಗೆ ಚಾಚಿದರು. ನೀನಾದರೋ ಸ್ಪ್ಯಾನರ್ ತರಲು ಎದ್ದು ಹೋದೆ. ಹಿಂದಿನ ಚಕ್ರದ ನಿಂಬೆಹಣ್ಣುಗಳು ಪಚಕ್ ಅಂದವು. ಕಾರು ಒಂದು ಗೇಣು ಸರಿಯಿತು, ಜಾಕಿ ವಾಲಿತು, ಮರ ಉರುಳಿತು, ಮುಂಭಾಗ ಅವರ ಕೈಯ ಮೇಲೆ ಕೂತಿತು. ತಲೆ ಹೊರಗಿತ್ತು. ಶಿವನ ದಯೆಯಿಂದ ತಲೆ ಹೊರಗಿತ್ತು ಕಣೋ.

ನೀನು ಓಡಿ ಬಂದೆ. ಬಂದವನು ಮೊದಲು ಬಗ್ಗಿ ನೋಡಿದ್ದು ಬಂಪರನ್ನು. ನಾನು ಅಲ್ಲೇ ನಿಂತಿದ್ದೆ, ಕಣ್ಣಾರೆ ಕಂಡೆ. ಆಮೇಲೆ ಗೋಳೋ ಅಂತ ಅತ್ತೆ, ಕಾರು ಎತ್ತಿದೆ, ಹಾಸನದ ಆಸ್ಪತ್ರೆಗೂ ಬಂದೆ, ಅದೆಲ್ಲ ಸರಿ. ಆದರೆ ಮೊದಲು ನೋಡಿದ್ದು ಬಂಪರನ್ನು. ಆ ಕ್ಷಣದಿಂದ ನಿನ್ನ ಬಗ್ಗೆ ನನಗೆ ಇರುವುದು ಸಿಟ್ಟಲ್ಲ. ಸಿಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಇಳಿದಿರುತ್ತಿತ್ತು. ಅಸಹ್ಯ ಅನ್ನಿಸಿದೆ.

ಅವ್ವ ಹೇಳುತ್ತಾಳೆ, ದೃಷ್ಟಿ ನಿಂಬೆಹಣ್ಣಿಗೆ ಹೋಯಿತು, ಅದಕ್ಕೇ ಅಳಿಯಂದಿರು ಉಳಿದರು ಅಂತ. ಮಗನ ತಪ್ಪು ಮುಚ್ಚಲು ಒಂದು ಹಣ್ಣು ಸಾಕು ಅವಳಿಗೆ. ನಿನ್ನ ಭಾವನ ಬಲಗೈಯ ಎರಡು ಬೆರಳು ಮುರಿದಿವೆ. ವಿಭೂತಿ ಹಚ್ಚುವ ಮೂರು ಬೆರಳಲ್ಲಿ ಎರಡು. ಮೊಣಕೈವರೆಗೂ ಪಟ್ಟಿ. ಎಡಗೈಯಲ್ಲಿ ಹಚ್ಚಲು ಅವರಿಗೆ ಮನಸ್ಸೊಪ್ಪದು. ಹಾಗಾಗಿ ಬೆಳಿಗ್ಗೆ ಪೂಜೆಗೆ ಕೂತಾಗ ಅವರ ಹಣೆಗೆ ನಾನೇ ಹಚ್ಚುತ್ತೇನೆ. ಕಣ್ಣು ಮುಚ್ಚಿ ಅಲ್ಲಾಡದೆ ಕೂತಿರುತ್ತಾರೆ. ನಮ್ಮವರಲ್ಲಿ ಕಣ್ಣು ಮುಚ್ಚಿದ ಗಂಡಸಿನ ಹಣೆಗೆ ಬೇರೆಯವರು ವಿಭೂತಿ ಹಚ್ಚುವುದು ಯಾವಾಗ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವರು ಕಣ್ಣು ತೆರೆದು ನನ್ನ ಮುಖ ನೋಡುವ ಮುಂಚೆ ದಿನಾ ಬೇಗ ಮುಗಿಸಿ ಒಳಗೆ ಹೋಗುತ್ತೇನೆ.

ಇಷ್ಟರ ಮೇಲೆ ಮೊನ್ನೆ ನಿನ್ನ ಫೋನು. ‘ಅಕ್ಕ, ಭಾನ್ವಾರ ಬತ್ತೀನಿ, ಅದೊಂಚೂರು ಕೆಲ್ಸ ಉಳ್ಕೊಂಡೈತೆ. ಭಾವ ಲೈಟ್ ಹಿಡುದ್ರೆ ಸಾಕು.’ ಕೇಳಿದ ಪುಣ್ಯಾತ್ಮರು ಏನಂದರು ಗೊತ್ತಾ? ‘ಎಡಗೈ ಐತಲ್ಲ, ಬರ್ಲಿ ಬುಡು.’ ನಿನ್ನ ದಡ್ಡತನಕ್ಕೆ ಮದ್ದಿದ್ದರೂ ಇರಬಹುದು, ಅವರ ಒಳ್ಳೆಯತನಕ್ಕೆ ಇಲ್ಲ. ನಾನು ಬೇಡ ಅಂದರೆ ನೀವಿಬ್ಬರೂ ಸೇರಿ ನನಗೆ ಕಾಣದ ಹಾಗೆ ಇನ್ನೆಲ್ಲಾದರೂ ಎತ್ತುತ್ತೀರಿ. ಆದ್ದರಿಂದ ಬಾ. ಆದರೆ ನಾನು ಹೇಳಿದ ಹಾಗೆ ಎತ್ತು.

ಕಣದ ಕಡೆ ತಿರುಗಿಯೂ ನೋಡಬೇಡ. ಕಾರನ್ನು ಸ್ಟೋರಿನೊಳಗೆ ತಾ. ಮೂಟೆ ಒಟ್ಟಲು ಮಾಡಿದ ಗಟ್ಟಿ ಸಿಮೆಂಟ್ ನೆಲ ಅದು. ನಿನ್ನೆ ಅಲ್ಲಿ ನಾಲ್ಕಾರು ಕಡೆ ನಿಂಬೆಹಣ್ಣು ಇಟ್ಟು ನೋಡಿದೆ, ಎಲ್ಲೂ ಉರುಳಲಿಲ್ಲ. ಕಾರಿನ ಕೆಲಸದಲ್ಲಿ ನಿಂಬೆಹಣ್ಣಿಗೆ ಇರುವ ಉಪಯೋಗ ಅಷ್ಟೆ. ಎರಡು ಹಲಗೆ ಹಾಸಿರುತ್ತೇನೆ. ಮುಂದಿನ ಚಕ್ರಗಳನ್ನು ಮೆಲ್ಲಗೆ ಅದರ ಮೇಲೆ ಹತ್ತಿಸು, ಆಗ ಜಾಕಿ ಹೋಗುವಷ್ಟು ಸಂದು ಸಿಗುತ್ತದೆ, ನೆಂಟರ ಸೊಂಟ ಉಳಿಯುತ್ತದೆ. ಗೇರಿಗೆ ಹಾಕು. ಹ್ಯಾಂಡ್ ಬ್ರೇಕ್ ಎಳೆ, ಕಿತ್ತು ಬಂದರೆ ಬರಲಿ. ಅದನ್ನೂ ನಂಬದೆ ಹಿಂದಿನ ಚಕ್ರಗಳಿಗೆ ಹಿಂದೂ ಮುಂದೂ ಮರದ ಬೆಣೆ ಹೊಡೆ. ಇಂಥ ತಗ್ಗು ಕಾರಿಗೇ ಅಂತ ಇರುವ ಚಪ್ಪಟೆ ಟ್ರಾಲಿ ಜಾಕ್ ಹಾಸನದಿಂದ ತರಿಸಿದ್ದೇನೆ. ಜೊತೆಗೆ ಕಬ್ಬಿಣದ ಸ್ಟ್ಯಾಂಡುಗಳೂ ಬಂದಿವೆ. ಜಾಕಿ ಕೊಡಬೇಕಾದ ಗಟ್ಟಿ ಜಾಗ ಯಾವುದೆಂದು ನಿನ್ನ ಕಾರಿನ ಪುಸ್ತಕದಲ್ಲೇ ಚಿತ್ರ ಇರುತ್ತದೆ. ಕಂಡಲ್ಲೆಲ್ಲ ಕೊಟ್ಟರೆ ತಗಡು ನೆಗ್ಗುತ್ತದೆ. ನಿನ್ನ ಭಾವನ ಬೆರಳಿಗಿಂತ ಮೊದಲು ತಗಡಿಗೇ ಅಳುವವನು ನೀನು, ಅದಕ್ಕೆ ಹೇಳಿದೆ.

ಎತ್ತಿದ ಮೇಲೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಭಾರ ಪೂರ್ತಿ ಅವುಗಳ ಮೇಲೆ ಕೂರುವ ಹಾಗೆ ಜಾಕಿ ಇಳಿಸು. ಅಪ್ಪ ಜೀಪಿನ ಪಕ್ಕ ನಿಂತು ನಮ್ಮಿಬ್ಬರಿಗೂ ಹೇಳುತ್ತಿದ್ದದ್ದು ನಿನ್ನ ಕಿವಿಗೆ ಬಿದ್ದಿರಲಿಲ್ಲವೇನೋ. ‘ಜಾಕಿ ಇರೋದು ಎತ್ತಕ್ಕೆ ಕಣೋ, ಹೊತ್ಕಂಡಿರಕ್ಕಲ್ಲ. ಅದ್ನ ನಂಬ್ಕಂಡು ಗಾಡಿ ಅಡೀಕೆ ನುಗ್ಬ್ಯಾಡ.’ ವೀರಭದ್ರಯ್ಯನವರ ಮಗ ಅಂತ ಪೇಟೆಯಲ್ಲಿ ಹೇಳಿಕೊಳ್ಳುತ್ತೀಯಲ್ಲ, ಅವರ ಒಂದು ಮಾತಾದರೂ ಇಟ್ಟುಕೊ. ಆಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸು. ಬೀಳುವುದಿದ್ದರೆ ಯಾರೂ ಅಡಿಯಲ್ಲಿ ಇಲ್ಲದಾಗಲೇ ಬೀಳಲಿ.

ಭಾನುವಾರ ನಿನ್ನ ಭಾವ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಲೈಟ್ ಹಿಡಿಯುವವಳು ನಾನು. ನೀನು ಮೊದಲು ಕಾರಿನಡಿಗೆ ಹೋಗುತ್ತೀಯ, ನಿನ್ನ ಪಕ್ಕದಲ್ಲಿ ನಾನು ಬಂದು ಮಲಗುತ್ತೇನೆ, ತಲೆಸಮೇತ. ಅವ್ವನಿಗೆ ಮೈ ಸರಿಯಿಲ್ಲದ ವರ್ಷ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಬಗ್ಗುವ ಮುಂಚೆ ಒಂದೇ ಒಂದು ಸಲ ಕೇಳುತ್ತೇನೆ, ‘ಬರ್ಲೇನೋ?’ ಅಂತ. ಆಗ ನನ್ನ ಮುಖ ನೋಡಿ ‘ಬಾ ಅಕ್ಕ’ ಅನ್ನಲು ನಿನಗೆ ಬಾಯಿ ಬರಬೇಕು. ಬಾರದಿದ್ದರೆ ಕಾರು ಇಳಿಸಿ ಮನೆಗೆ ಹೋಗು. ಆಯಿಲ್ ಸೋರಿದರೆ ಸೋರಲಿ.

ಕಾಗದದ ಜೊತೆ ಒಂದು ವಿಭೂತಿ ಗಟ್ಟಿ ಇಟ್ಟಿದ್ದೇನೆ. ಸ್ನಾನ ಮಾಡಿ ಹಚ್ಚಿಕೊಂಡು ಬಾ. ನಿನ್ನ ಹಣೆಗೆ ನಿನ್ನ ಬೆರಳಿನಿಂದ ನೀನೇ ಹಚ್ಚಿಕೊಳ್ಳುವಂತೆ ಶಿವ ನಿನ್ನನ್ನು ನೂರು ಕಾಲ ಇಟ್ಟಿರಲಿ.

ಇಂತಿ,
ನಿನ್ನ ಮೇಲೆ ನಂಬಿಕೆ ಇಲ್ಲದಿದ್ದರೂ ಪಕ್ಕದಲ್ಲಿ ಮಲಗಲಿರುವ
ಅಕ್ಕ