ತಪ್ಪು ಕೋಡುಬಳೆಯದಲ್ಲ

ದುರ್ಗಿಗುಡಿ, ಶಿವಮೊಗ್ಗ
18 ಜೂನ್ 2024, ಮಂಗಳವಾರ

ಅತ್ತೆಗೆ ರಂಜಿನಿಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಅಲ್ಲಿಯೂ ಬೇರೆಯವರ ಕೆಲಸದಲ್ಲಿ ಮರೆಯುತ್ತಿದ್ದೀರೋ? ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮುರುಗೇಶಪ್ಪ ಭಾವ, ಅಕ್ಕ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ಮೇಧಾಳ ಹೊಟ್ಟೆಯ ಡಯಾಲಿಸಿಸ್ ದಿನಕ್ಕೆ ನಾಲ್ಕು ಸಲ ನಡೆಯುತ್ತಿದೆ. ನೀವು ಹೋದ ಮೇಲೆ ಹೊಟ್ಟೆಗೆ ಬಿಡುವ ನೀರಿನ ಬ್ಯಾಗ್ ಬದಲಿಸುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಕೈ ತೊಳೆದು ಅದೇ ಕೈಯಲ್ಲಿ ನಲ್ಲಿ ನಿಲ್ಲಿಸಿದೆ. "ಅಮ್ಮಾ, ಅಜ್ಜಿ ಮೊಣಕೈಯಲ್ಲಿ ನಿಲ್ಲಿಸ್ತಿದ್ರು. ಮತ್ತೆ ತೊಳ್ಕೋ" ಎಂದಳು ಮೇಧಾ. ಒಂಬತ್ತು ವರ್ಷದ ಮಗುವಿಗೆ ನೀವು ಇಷ್ಟೆಲ್ಲ ಕಲಿಸಿದ್ದು ನನಗೆ ಗೊತ್ತೇ ಇರಲಿಲ್ಲ.

ರಕ್ತದಲ್ಲಿ ಕೊಬ್ಬು ವಿಪರೀತ ಏರಿದೆ ಎಂದು ಕಳೆದ ತಿಂಗಳು ರಿಪೋರ್ಟ್ ಬಂದ ದಿನ ನಾನು ಅಡುಗೆಮನೆಯಲ್ಲಿ ನಿಂತು "ನಿಮ್ಮ ಕೋಡುಬಳೆನೇ ನನ್ನ ಮಗಳ ರಕ್ತ ಕೆಡಿಸ್ತು" ಅಂದೆ. ನೀವು ಮಧ್ಯಾಹ್ನದ ಬ್ಯಾಗ್ ಬದಲಿಸಿ, ಮಗುವಿಗೆ ಊಟ ಹಾಕಿ, ಭದ್ರಾವತಿ ಬಸ್ ಹತ್ತಿದಿರಿ.

ನಿನ್ನೆ ಡಾಕ್ಟರ ಮುಂದೆಯೂ ಅದೇ ಮಾತು ಆಡಿದೆ. "ಅಜ್ಜಿ ಮೇಲೆ ಹಾಕ್ಬೇಡಿ ಅಮ್ಮ. ಕಿಡ್ನಿ ಕೈಕೊಟ್ಟ ಮಕ್ಕಳಲ್ಲಿ ಕೊಬ್ಬು ಹೀಗೇ ಏರುತ್ತೆ. ಹೊಟ್ಟೆಗೆ ಬಿಡೋ ನೀರಲ್ಲೂ ಸಕ್ಕರೆ ಇರುತ್ತಲ್ಲ, ಅದೂ ಸೇರ್ಕೊಳ್ಳುತ್ತೆ" ಎಂದರು. ಸಕ್ಕರೆ ಕಡಿಮೆಯಿರುವ ಬ್ಯಾಗ್ ಬರೆದುಕೊಟ್ಟಿದ್ದಾರೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಕರಿದದ್ದು ಅಪರೂಪಕ್ಕೆ ಸಾಕಂತೆ. ನೀವು ಕೋಡುಬಳೆ ಮಾಡುತ್ತಿದ್ದುದೂ ಅಪರೂಪಕ್ಕೇ, ಉಪ್ಪು ಹಾಕದೆ. ಆಮೇಲೆ ಫೈಲ್ ತಿರುವುತ್ತಾ, "ಹದಿನಾಲ್ಕು ತಿಂಗಳಲ್ಲಿ ಒಂದು ಸಲಾನೂ ಸೋಂಕಾಗಿಲ್ಲ. ಬ್ಯಾಗ್ ಯಾರು ಬದಲಿಸ್ತಿದ್ರು?" ಎಂದು ಕೇಳಿದರು. "ನಮ್ಮತ್ತೆ" ಅಂದೆ.

ಮೇಧಾ ಇವತ್ತು ಶಾಲೆಗೆ ಹೋಗಿದ್ದಾಳೆಂದರೆ ಅದು ನಿಮ್ಮ ಕೈಯ ಪುಣ್ಯ. ಇಷ್ಟು ದಿನದಲ್ಲಿ ಒಮ್ಮೆಯೂ ನಾನು ಇದನ್ನು ಹೇಳಲಿಲ್ಲ. ಹೇಳಬಾರದ್ದನ್ನು ಮಾತ್ರ ಹೇಳಿದೆ. ಕ್ಷಮಿಸಿ ಅತ್ತೆ.

ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಸೊಸೆ,
ರಂಜಿನಿ

ಇನ್ನೊಂದು ಮಾತು. "ಅಮ್ಮನ್ನ ನಾನು ಹೋಗಿ ಕರ್ಕೊಂಡು ಬರ್ತೀನಿ" ಎಂದು ನಿಮ್ಮ ಮಗ ಹೊರಟಿದ್ದರು. ಬೇಡ ಎಂದೆ. ನಿಮ್ಮನ್ನು ಕಳಿಸಿದವಳು ನಾನು. ಭಾನುವಾರ ಅವರು ಮಗುವನ್ನು ನೋಡಿಕೊಳ್ಳುತ್ತಾರೆ, ನಾನೇ ಬರುತ್ತೇನೆ. ನನ್ನ ಜೊತೆ ಹೊರಡದಿದ್ದರೂ ಸರಿ, ಬಾಗಿಲು ಮಾತ್ರ ನೀವೇ ತೆರೆಯಿರಿ.