ಐದು ದನಿಯ ಸಭೆ

ಪೂಜ್ಯ ಬಿಷಪ್ ಅಯ್ಯನವರ ಸನ್ನಿಧಾನಕ್ಕೆ ಸ್ತೋತ್ರಗಳು.

ತಾವು ಕಳಿಸಿದ ಸುವಾರ್ತೆಯ ಕರಪತ್ರಗಳು ಪೆಟ್ಟಿಗೆ ತುಂಬ ಬಂದಿವೆ. ಹಂಚಲು ಜನರಿಲ್ಲ. ಆರಾಧನೆಗೆ ಬರುವವನು ನಾನೊಬ್ಬನೇ. ನಮ್ಮ ಪಾದ್ರಿ ಅಯ್ಯನವರಿಗೆ ಕಣ್ಣು ಕಾಣದು. ಅವರು ನೊಂದುಕೊಂಡಾರೆಂದು ಬೆಂಚಿನಿಂದ ಬೆಂಚಿಗೆ ಜಿಗಿದು ಐದು ದನಿಯಲ್ಲಿ 'ಆಮೆನ್' ಅನ್ನುತ್ತೇನೆ. ನಾನು ಕೆಮ್ಮುವ ಮುದುಕಿಯ ಕೆಮ್ಮಂತೂ ಅಮೋಘ. ರೊಟ್ಟಿ ಕೊಡುವ ಪ್ರಭು ಭೋಜನಕ್ಕೂ ಐದು ಕಡೆ ಮಂಡಿಯೂರುತ್ತೇನೆ.

ಕಳೆದ ಭಾನುವಾರ ಪಾದ್ರಿ ಅಯ್ಯನವರು ಐದನೇ ಸಲ ನನ್ನ ಅಂಗೈಗೆ ರೊಟ್ಟಿಯಿಟ್ಟು, "ಮಂಡಿ ನೋಯಲ್ವೇನೋ ಮಗಾ? ನೀನೊಬ್ಬ ಬಂದ್ರೆ ಸಾಕು ಕಣೋ" ಅಂದರು.

ಅಪ್ಪನಿಗೆ ವರ್ಗವಾಗಿದೆ, ಈ ವಾರವೇ ಊರು ಬಿಡುತ್ತೇವೆ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ. ದಯಮಾಡಿ ಕರಪತ್ರ ಸಾಕು, ಒಬ್ಬ ಮನುಷ್ಯನನ್ನು ಕಳಿಸಿ. ಅಯ್ಯನವರು "ಕರ್ತನು ನಿಮ್ಮ ಸಂಗಡ ಇರಲಿ" ಅಂದಾಗ ಯಾರಾದರೂ ಉತ್ತರ ಕೊಡಬೇಕು.

ಇಂತಿ ತಮ್ಮ ವಿಧೇಯ,
ಸಮಸ್ತ ಸಭೆ